ಗರ್ಭಿಣಿಯ ಡಿ ಜೀವಸತ್ವ ಮತ್ತು ಮಗುವಿನ ಮಿದುಳಿನ ಬೆಳವಣಿಗೆ

ಗರ್ಭಿಣಿಯ ರಕ್ತದಲ್ಲಿರುವ ಡಿ ಜೀವಸತ್ವದ ಮಟ್ಟಕ್ಕೂ ಹುಟ್ಟುವ ಮಗುವಿನ ಮಿದುಳು, ಮಾತು, ಕಲಿಕೆ, ನಡವಳಿಕೆಗಳಿಗೂ ನಂಟಿದೆಯೇ ಎಂಬ ಪ್ರಶ್ನೆಯನ್ನು ಪೋಷಣಾ ವಿಜ್ಞಾನ, ನರವಿಜ್ಞಾನ ಮತ್ತು ಮನೋವೈದ್ಯಶಾಸ್ತ್ರಗಳು 1990ರ ದಶಕದ ಕೊನೆಯಿಂದ ಗಂಭೀರವಾಗಿ ಕೇಳುತ್ತ ಬಂದಿವೆ. ಇಲಿಗಳ ಮೇಲೆ ನಡೆದ ಪ್ರಯೋಗಗಳು ನಂಟು ಇದೆ ಎನ್ನುತ್ತವೆ. ತಾಯಿ-ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳ ಉತ್ತರ ಊರಿಂದ ಊರಿಗೆ ಬೇರೆಯಾಗಿದೆ. ಗರ್ಭಿಣಿಯರಿಗೆ ಹೆಚ್ಚು ಡಿ ಕೊಟ್ಟರೆ ಮಕ್ಕಳು ಹೆಚ್ಚು ಬುದ್ಧಿವಂತರಾಗುತ್ತಾರೆ ಎನ್ನಲು ದೃಢವಾದ ಸಾಕ್ಷಿ ಸಿಕ್ಕಿಲ್ಲ. ಆದರೆ ತಾಯಿಯಲ್ಲಿ ಡಿ ತೀರಾ ಕಡಿಮೆಯಾದರೆ ಮಗುವಿಗೆ ಕೆಡುಕಾಗುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಈ ಎರಡು ಮಾತುಗಳನ್ನು ಒಂದರೊಳಗೊಂದು ಬೆರೆಸದೆ ಇಟ್ಟುಕೊಂಡರೆ ಮಾತ್ರ ಈ ವಿಷಯ ತಿಳಿಯಾಗುತ್ತದೆ. ಭಾರತದ ಮಟ್ಟಿಗೆ ಇದಕ್ಕೆ ಸಂಬಂಧಿಸಿದ ಮುಖ್ಯ ಅಧ್ಯಯನವೊಂದು ನಡೆದದ್ದು ಮೈಸೂರಿನಲ್ಲಿ.

ಹಿನ್ನೆಲೆ

ಡಿ ಜೀವಸತ್ವದ ಚರಿತ್ರೆ ಶುರುವಾಗುವುದು ಮಕ್ಕಳ ಸೊಟ್ಟ ಕಾಲುಗಳಿಂದ. ರಿಕೆಟ್ಸ್ ರೋಗವನ್ನು ಡೇನಿಯಲ್ ವಿಸ್ಲರ್ 1645ರಲ್ಲಿ, ಫ್ರಾನ್ಸಿಸ್ ಗ್ಲಿಸನ್ 1650ರಲ್ಲಿ ವಿವರವಾಗಿ ಬರೆದಿಟ್ಟರು. ಕಾರ್ಖಾನೆಗಳ ಹೊಗೆ ಕವಿದ ಯುರೋಪಿನ ನಗರಗಳಲ್ಲಿ ಅದು ಮನೆಮನೆಯ ಕಾಯಿಲೆಯಾಯಿತು. 1919ರಲ್ಲಿ ಎರಡು ಕಡೆಯಿಂದ ಉತ್ತರ ಬಂತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಲ್ಲಿ ರೋಗ ಬರಿಸಿ ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆದು ತೋರಿಸಿದರು. ಬರ್ಲಿನ್‌ನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ರೋಗಿ ಮಕ್ಕಳ ಮೈಗೆ ನೇರಳಾತೀತ ದೀಪದ ಬೆಳಕು ಬೀಳಿಸಿ ವಾಸಿ ಮಾಡಿದರು. ಮೀನೆಣ್ಣೆಯೂ ಬೆಳಕೂ ಒಂದೇ ಕೆಲಸ ಮಾಡುವುದು ಹೇಗೆ ಎಂಬ ಒಗಟು ಬಿಡಿಸಲು ಇನ್ನಷ್ಟು ವರ್ಷ ಹಿಡಿಯಿತು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮೀನೆಣ್ಣೆಯಲ್ಲಿನ ಎ ಜೀವಸತ್ವವನ್ನು ನಾಶಮಾಡಿದ ಮೇಲೂ ಅದು ರಿಕೆಟ್ಸನ್ನು ಗುಣಪಡಿಸುವುದನ್ನು ಕಂಡು, ಅದರಲ್ಲಿನ ಹೊಸ ಅಂಶವನ್ನು ಡಿ ಎಂದು ಕರೆದರು. ಇದರ ರಾಸಾಯನಿಕ ಮೂಲವನ್ನು ಬಿಡಿಸಿದ ಅಡಾಲ್ಫ್ ವಿಂಡೌಸ್ ಅವರಿಗೆ 1928ರ ನೊಬೆಲ್ ಪ್ರಶಸ್ತಿ ಸಂದಿತು.

ಸುಮಾರು ಎಂಟು ದಶಕಗಳ ಕಾಲ ಇದು ಮೂಳೆಯ ಜೀವಸತ್ವವಾಗಿಯೇ ಉಳಿಯಿತು. ಮಿದುಳಿಗೂ ಇದಕ್ಕೂ ಸಂಬಂಧವಿರಬಹುದೆಂಬ ಮಾತು ಬಂದದ್ದು ಮನೋವೈದ್ಯರಿಂದ. ಚಳಿಗಾಲದ ಕೊನೆಗೆ ಹಾಗೂ ವಸಂತದಲ್ಲಿ ಹುಟ್ಟಿದವರಲ್ಲಿ, ನಗರಗಳಲ್ಲಿ ಹುಟ್ಟಿದವರಲ್ಲಿ, ತಂಪು ದೇಶಗಳಿಗೆ ವಲಸೆ ಹೋದ ಕಪ್ಪು ಮೈಬಣ್ಣದವರ ಮಕ್ಕಳಲ್ಲಿ ಸ್ಕಿಜೋಫ್ರೀನಿಯಾ ತುಸು ಹೆಚ್ಚು ಎಂಬುದು ಮೊದಲೇ ಗೊತ್ತಿತ್ತು. ಈ ಮೂರಕ್ಕೂ ಸಾಮಾನ್ಯವಾದದ್ದು ಬಿಸಿಲಿನ ಕೊರತೆಯಲ್ಲವೇ ಎಂದು ಆಸ್ಟ್ರೇಲಿಯಾದ ಜಾನ್ ಮೆಗ್ರಾತ್ 1999ರಲ್ಲಿ ಕೇಳಿದರು. ಬ್ರಿಸ್ಬೇನ್‌ನಲ್ಲಿ ಅವರು ಡಾರಿಲ್ ಐಲ್ಸ್ ಜೊತೆಗೂಡಿ ನಡೆಸಿದ ಕೆಲಸವೇ ಈ ಕ್ಷೇತ್ರದ ತಳಹದಿ.

ದೇಹದಲ್ಲಿ ಡಿಯ ದಾರಿ

ಹೆಸರಿಗೆ ಜೀವಸತ್ವವಾದರೂ ಡಿ ವರ್ತಿಸುವುದು ಹಾರ್ಮೋನಿನಂತೆ. ಚರ್ಮದಲ್ಲಿರುವ ಕೊಲೆಸ್ಟೆರಾಲ್ ಬಗೆಯ ವಸ್ತುವೊಂದರ ಮೇಲೆ ಬಿಸಿಲಿನ ನೇರಳಾತೀತ-ಬಿ ಕಿರಣ ಬಿದ್ದಾಗ ಡಿ3 ತಯಾರಾಗುತ್ತದೆ. ಅದು ಯಕೃತ್ತಿಗೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ಲ್ಯಾಬಿನವರು ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ರಕ್ತದಲ್ಲಿ ಇದು ಎರಡು ಮೂರು ವಾರ ಉಳಿಯುವುದರಿಂದ ದೇಹದ ದಾಸ್ತಾನನ್ನು ಸರಿಯಾಗಿ ಹೇಳುತ್ತದೆ. ಮುಂದೆ ಮೂತ್ರಪಿಂಡದಲ್ಲಿ ಅದು ಕ್ಯಾಲ್ಸಿಟ್ರಯಾಲ್ ಎಂಬ ಕೆಲಸಗಾರ ರೂಪ ತಾಳುತ್ತದೆ. ಕ್ಯಾಲ್ಸಿಟ್ರಯಾಲ್ ಜೀವಕೋಶದೊಳಗಿನ ಡಿ ಗ್ರಾಹಕಕ್ಕೆ ಅಂಟಿಕೊಂಡು ನೂರಾರು ಜೀನ್‌ಗಳನ್ನು ಚುರುಕುಗೊಳಿಸುತ್ತದೆ ಇಲ್ಲವೇ ತಡೆಯುತ್ತದೆ. ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆ ಹೆಚ್ಚಿಸುವುದು ಇವುಗಳಲ್ಲಿ ಬಹಳ ಹಿಂದೆಯೇ ತಿಳಿದಿದ್ದ ಕೆಲಸ.

ಅಳತೆಯ ಬಗ್ಗೆ ಒಂದು ಮಾತು. ವರದಿಗಳಲ್ಲಿ ಎರಡು ಮಾನ ಬಳಕೆಯಲ್ಲಿವೆ: ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ, ಒಂದು ಲೀಟರಿಗೆ ಇಷ್ಟು ನ್ಯಾನೋಮೋಲ್. ಮೊದಲನೆಯದನ್ನು 2.5ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. ಅಂದರೆ 20 ನ್ಯಾನೋಗ್ರಾಂ ಎಂದರೆ 50 ನ್ಯಾನೋಮೋಲ್. ಇದಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಬಹುತೇಕ ಸಂಸ್ಥೆಗಳು ಎಣಿಸುತ್ತವೆ. ಮಾತ್ರೆಗಳ ಮೇಲೆ ಬರೆದಿರುವ ಐಯು ಲೆಕ್ಕದಲ್ಲಿ 40 ಐಯು ಎಂದರೆ ಒಂದು ಮೈಕ್ರೋಗ್ರಾಂ.

ಗರ್ಭದಲ್ಲಿ ಆಗುವುದೇನು

ಬಸುರಾದ ಕೆಲವೇ ವಾರಗಳಲ್ಲಿ ತಾಯಿಯ ರಕ್ತದಲ್ಲಿ ಕ್ಯಾಲ್ಸಿಟ್ರಯಾಲ್ ಏರತೊಡಗಿ, ದಿನ ತುಂಬುವ ಹೊತ್ತಿಗೆ ಎರಡು ಮೂರು ಪಟ್ಟಾಗುತ್ತದೆ. ಬೇರೆ ಸಮಯದಲ್ಲಿ ಇಷ್ಟು ಏರಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟ ಮುಟ್ಟುತ್ತಿತ್ತು, ಬಸುರಿಯಲ್ಲಿ ಹಾಗಾಗುವುದಿಲ್ಲ. ದಿನ ತುಂಬಿದ ಮಗುವಿನ ಎಲುಬಿನಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದರ ಬಹುಪಾಲು ಸೇರುವುದು ಕಡೆಯ ಮೂರು ತಿಂಗಳಲ್ಲಿ. ಕ್ಯಾಲ್ಸಿಯಂ ಬೇಡಿಕೆ ಇನ್ನೂ ಹೆಚ್ಚಿಲ್ಲದ ಮೊದಲ ತಿಂಗಳುಗಳಲ್ಲೇ ಕ್ಯಾಲ್ಸಿಟ್ರಯಾಲ್ ಏರುವುದೇಕೆ? ಮೂಳೆಯ ಆಚೆಗೂ ಅದಕ್ಕೆ ಕೆಲಸವಿರಬೇಕೆಂದು ವಿಜ್ಞಾನಿಗಳು ಊಹಿಸಲು ಇದೊಂದು ಕಾರಣ. ಮಾಸಿನಲ್ಲೂ ಕ್ಯಾಲ್ಸಿಟ್ರಯಾಲ್ ತಯಾರಿಸುವ ಕಿಣ್ವವಿದೆ.

ಭ್ರೂಣಕ್ಕೆ ಬಿಸಿಲಿಲ್ಲ, ಊಟವಿಲ್ಲ. ಮಾಸಿನ ಮೂಲಕ ದಾಟಿ ಬರುವ 25-ಹೈಡ್ರಾಕ್ಸಿ ರೂಪವೊಂದೇ ಅದರ ಪಾಲು. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದರ ಮಟ್ಟ ತಾಯಿಯದಕ್ಕಿಂತ ಕಡಿಮೆ, ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು. ಹೀಗಾಗಿ ತಾಯಿಗೆ ಕೊರತೆಯಿದ್ದರೆ ಮಗು ಹುಟ್ಟುವಾಗಲೇ ಕೊರತೆ ಹೊತ್ತು ಬರುತ್ತದೆ. ಎದೆಹಾಲಿನಲ್ಲಿ ಡಿ ಬಹಳ ಕಡಿಮೆ ಇರುವುದರಿಂದ ಆ ಕೊರತೆ ಹುಟ್ಟಿದ ಮೇಲೂ ತುಂಬುವುದಿಲ್ಲ.

ಇದರ ಪರಿಣಾಮ ಮಿದುಳಿಗೆ ನೇರವಾಗಿ ತಟ್ಟುವ ಸಂದರ್ಭವೊಂದಿದೆ. ಮಕ್ಕಳ ವೈದ್ಯರಿಗೆ ಅದು ಚೆನ್ನಾಗಿ ಗೊತ್ತು, ಆದರೂ ಬುದ್ಧಿಮಟ್ಟದ ಚರ್ಚೆಯಲ್ಲಿ ಅದು ಮರೆಯಾಗಿಬಿಡುತ್ತದೆ. ತೀವ್ರ ಕೊರತೆಯಿರುವ ತಾಯಿಯ ಎಳೆಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ ಮಗುವಿಗೆ ಫಿಟ್ಸ್ ಬರುತ್ತದೆ. ಜ್ವರವಿಲ್ಲ, ಸೋಂಕಿಲ್ಲ, ಎದೆಹಾಲು ಚೆನ್ನಾಗಿ ಕುಡಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೈಕಾಲು ಅದುರಿಸಿ ಸೆಟೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟ ಮೇಲೆ ಸೆಳೆತ ಇಳಿಯುತ್ತದೆ. ತಾಯಿಯ ರಕ್ತ ಪರೀಕ್ಷಿಸಿದರೆ ಅಲ್ಲೂ ಡಿ ತಳ ಕಂಡಿರುತ್ತದೆ. ಬುದ್ಧಿಯ ಅಂಕ ಒಂದೆರಡು ಹೆಚ್ಚುಕಮ್ಮಿಯಾಗುತ್ತದೆಯೇ ಎಂಬ ವಾದಕ್ಕಿಂತ ಈ ಫಿಟ್ಸ್ ತಡೆಯುವುದು ದೊಡ್ಡ ವಿಷಯ. ಕೊರತೆ ನೀಗಿಸಲು ಬೇರೆ ಯಾವ ಸಾಕ್ಷಿಯೂ ಇಲ್ಲದಿದ್ದರೂ ಇದೊಂದೇ ಸಾಕು.

ಇಲಿಗಳಲ್ಲಿ ಕಂಡದ್ದು

ಬ್ರಿಸ್ಬೇನ್‌ನ ತಂಡ ಹೆಣ್ಣಿಲಿಗಳಿಗೆ ಗರ್ಭ ಕಟ್ಟುವ ಮುಂಚೆ ಆರು ವಾರ ಡಿ ಇಲ್ಲದ ಆಹಾರ ಕೊಟ್ಟು, ಗರ್ಭದುದ್ದಕ್ಕೂ ಹಾಗೆಯೇ ಮುಂದುವರಿಸಿ, ಮರಿ ಹಾಕಿದ ಮೇಲೆ ಮಾಮೂಲಿ ಆಹಾರಕ್ಕೆ ತಂದಿತು. ತಾಯಿಲಿಗಳ ಕ್ಯಾಲ್ಸಿಯಂ ಮಟ್ಟ ಕುಸಿಯದಂತೆ ನೋಡಿಕೊಂಡದ್ದರಿಂದ ಕಂಡ ಬದಲಾವಣೆಗಳನ್ನು ಕ್ಯಾಲ್ಸಿಯಂ ಕೊರತೆಯ ತಲೆಗೆ ಕಟ್ಟುವಂತಿರಲಿಲ್ಲ. 2003ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮರಿಗಳ ಮಿದುಳು ಉದ್ದವಾಗಿತ್ತು, ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ಹಿಗ್ಗಿದ್ದವು, ಮೇಲ್ಪದರ ಗಾತ್ರಕ್ಕೆ ಹೋಲಿಸಿದರೆ ತೆಳುವಾಗಿತ್ತು. ಕೋಶ ವಿಭಜನೆ ಹೆಚ್ಚಾಗಿತ್ತು. ನರಕೋಶಗಳನ್ನು ಪೋಷಿಸುವ ಎರಡು ಪ್ರೋಟೀನುಗಳು ಕಡಿಮೆಯಾಗಿದ್ದವು. ಡಿ ಜೀವಸತ್ವದ ಪಾತ್ರಗಳಲ್ಲಿ ಒಂದು ಕೋಶಗಳಿಗೆ ವಿಭಜನೆ ಸಾಕು, ಇನ್ನು ಪಕ್ವವಾಗು ಎಂಬ ಸೂಚನೆ ಕೊಡುವುದು. ಸೂಚನೆ ಬಾರದಿದ್ದರೆ ಕೋಶಗಳು ಬರೇ ಹೆಚ್ಚುತ್ತ ಹೋಗುತ್ತವೆ.

ಮುಂದಿನ ಕೆಲಸ ಡೋಪಮಿನ್ ಕಡೆಗೆ ತಿರುಗಿತು. ಚಲನೆ, ಪ್ರೇರಣೆ, ಗಮನಗಳಿಗೆ ಬೇಕಾದ ಈ ರಾಸಾಯನಿಕವನ್ನು ಉತ್ಪಾದಿಸುವ ನರಕೋಶಗಳು ರೂಪುಗೊಳ್ಳಲು ಅಗತ್ಯವಾದ ಅಂಶಗಳು ಕೊರತೆಯ ಭ್ರೂಣಗಳಲ್ಲಿ ತಗ್ಗಿದ್ದವು. ಮನುಷ್ಯರ ಮಿದುಳಿನಲ್ಲೂ ಡಿ ಗ್ರಾಹಕ ಎಲ್ಲೆಲ್ಲಿದೆ ಎಂದು ಐಲ್ಸ್ ತಂಡ 2005ರಲ್ಲಿ ನಕ್ಷೆ ತಯಾರಿಸಿದಾಗ, ಅದು ದಟ್ಟವಾಗಿ ಕಂಡ ಜಾಗಗಳಲ್ಲಿ ಡೋಪಮಿನ್ ಕೋಶಗಳಿರುವ, ಕಪ್ಪು ವಸ್ತು ಎಂದು ಕರೆಯುವ ಪ್ರದೇಶವೂ ಒಂದು. ಕ್ಯಾಲ್ಸಿಟ್ರಯಾಲ್ ತಯಾರಿಸುವ ಕಿಣ್ವವೂ ಅಲ್ಲೇ ಇತ್ತು.

ಜೀವಶಾಸ್ತ್ರದ ಈ ಭಾಗ ಗಟ್ಟಿಯಾಗಿದೆ. ಆದರೆ ಪ್ರಯೋಗದ ಇಲಿಗಳಲ್ಲಿ ಡಿ ಇಲ್ಲವೇ ಇಲ್ಲ ಎನ್ನುವ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಗರ್ಭಿಣಿಯರಲ್ಲಿ ಕಾಣುವುದು ಹೆಚ್ಚಾಗಿ ಮಧ್ಯಮ ಕೊರತೆ. ಒಂದರ ಫಲವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

ಯುರೋಪ್, ಆಸ್ಟ್ರೇಲಿಯಾ, ಅಮೆರಿಕದ ಅಧ್ಯಯನಗಳು

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ನಲ್ಲಿ 18 ವಾರದ 743 ಗರ್ಭಿಣಿಯರ ರಕ್ತವನ್ನು ತೆಗೆದಿಟ್ಟು, ಅವರ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದರು. ಡಿ ಅತಿ ಕಡಿಮೆಯಿದ್ದ ಕಾಲುಭಾಗದ ತಾಯಂದಿರ ಮಕ್ಕಳಲ್ಲಿ ಭಾಷೆಯ ತೊಡಕು ಸುಮಾರು ಎರಡು ಪಟ್ಟು ಎಂದು 2012ರಲ್ಲಿ ವರದಿಯಾಯಿತು. ಅದೇ ವರ್ಷ ಸ್ಪೇನ್‌ನ 1,820 ತಾಯಿ-ಮಕ್ಕಳ ಅಧ್ಯಯನದಲ್ಲಿ, ತಾಯಿಯ ಮಟ್ಟ 30 ನ್ಯಾನೋಗ್ರಾಂ ದಾಟಿದ್ದ ಮಕ್ಕಳು ಒಂದು ವರ್ಷ ಕಳೆದ ಮೇಲಿನ ಪರೀಕ್ಷೆಯಲ್ಲಿ ಎರಡು ಮೂರು ಅಂಕ ಮುಂದಿದ್ದರು. ಅಮೆರಿಕದ ಮೆಂಫಿಸ್‌ನಲ್ಲಿ ತಾಯಿಯ ಮಟ್ಟ 10 ನ್ಯಾನೋಗ್ರಾಂ ಏರಿದಂತೆಲ್ಲ ನಾಲ್ಕರಿಂದ ಆರು ವರ್ಷದ ಮಕ್ಕಳ ಬುದ್ಧಿಸೂಚ್ಯಂಕ ಒಂದಕ್ಕಿಂತ ತುಸು ಹೆಚ್ಚು ಅಂಕ ಏರಿತ್ತು ಎಂದು 2021ರ ವರದಿ ಹೇಳಿತು. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಗರ್ಭದ ನಡುಭಾಗದಲ್ಲಿ ತೀವ್ರ ಕೊರತೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಆಟಿಸಂಗೆ ಸಂಬಂಧಿಸಿದ ಲಕ್ಷಣಗಳು ಹೆಚ್ಚಾಗಿ ಕಂಡವು.

ಇನ್ನೊಂದು ಬದಿಯೂ ಇದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತಲಿನ ಏಳು ಸಾವಿರಕ್ಕೂ ಹೆಚ್ಚು ತಾಯಿ-ಮಕ್ಕಳ ಅಧ್ಯಯನದಲ್ಲಿ, ಕೊರತೆಯಿದ್ದ ತಾಯಂದಿರ ಮಕ್ಕಳು ಎರಡೂವರೆ ವರ್ಷದಲ್ಲಿ ಓಡುವುದು, ಎಸೆಯುವುದು, ಬೆರಳು ಬಳಸುವುದರಲ್ಲಿ ಕೊಂಚ ಹಿಂದಿದ್ದರು. ಎಂಟನೇ ವಯಸ್ಸಿನ ಬುದ್ಧಿಸೂಚ್ಯಂಕಕ್ಕೂ ಒಂಬತ್ತನೇ ವಯಸ್ಸಿನ ಓದುವ ಸಾಮರ್ಥ್ಯಕ್ಕೂ ತಾಯಿಯ ಡಿ ಮಟ್ಟಕ್ಕೂ ಸಂಬಂಧವೇ ಕಾಣಲಿಲ್ಲ. ಸೌತ್‌ಹ್ಯಾಂಪ್ಟನ್‌ನ ಮತ್ತೊಂದು ಸಣ್ಣ ಅಧ್ಯಯನವೂ ಒಂಬತ್ತು ವರ್ಷದ ಮಕ್ಕಳ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಸರಣಿಯಲ್ಲಿ ಡೆನ್ಮಾರ್ಕಿನ ಕೆಲಸಕ್ಕೆ ಬೇರೆಯದೇ ತೂಕವಿದೆ. ಅಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿ ಚುಚ್ಚಿ ಸೋಸುಕಾಗದದ ಮೇಲೆ ಹನಿಸಿಕೊಂಡ ರಕ್ತವನ್ನು ದಶಕಗಳಿಂದ ಶೀತಕದಲ್ಲಿ ಕಾಪಿಟ್ಟಿದ್ದಾರೆ. ಆ ಒಣಗಿದ ಚುಕ್ಕೆಯಿಂದ ಮೂರು ಮಿಲಿಮೀಟರ್ ಅಗಲದ ಚೂರು ಕತ್ತರಿಸಿ ಡಿ ಅಳೆಯುವ ವಿಧಾನವನ್ನು ಐಲ್ಸ್ ತಂಡ ರೂಪಿಸಿತು. ಮಗು ಬೆಳೆದು ದೊಡ್ಡದಾದ ಮೇಲೆ ಅದರ ಆಸ್ಪತ್ರೆಯ ದಾಖಲೆಯನ್ನು ಆ ಚುಕ್ಕೆಯ ಜೊತೆ ಹೋಲಿಸುತ್ತಾರೆ. ತಾಯಂದಿರ ನೆನಪನ್ನು ನೆಚ್ಚಬೇಕಾಗಿಲ್ಲ, ಯಾರೂ ಅಧ್ಯಯನದಿಂದ ಜಾರಿಹೋಗುವುದಿಲ್ಲ. 1,301 ಸ್ಕಿಜೋಫ್ರೀನಿಯಾ ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿದ 2018ರ ವರದಿಯ ಪ್ರಕಾರ, ಹುಟ್ಟಿನಲ್ಲಿ ಡಿ ಅತಿ ಕಡಿಮೆಯಿದ್ದ ಐದನೇ ಒಂದು ಭಾಗದವರಿಗೆ ರೋಗದ ಸಂಭವ ಶೇಕಡಾ 44ರಷ್ಟು ಹೆಚ್ಚಿತ್ತು. 2025ರಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿಯ ಚುಕ್ಕೆಗಳನ್ನು ಅಳೆದ ವರದಿ ಆಟಿಸಂ ಮತ್ತು ಎಡಿಎಚ್‌ಡಿಗೂ (ಗಮನ ಕೊರತೆ, ಅತಿ ಚಟುವಟಿಕೆಯ ತೊಡಕು) ಇದೇ ದಿಕ್ಕಿನ ನಂಟು ತೋರಿಸಿತು; ಡಿ ಮಟ್ಟವನ್ನು ಪ್ರಭಾವಿಸುವ ಜೀನ್‌ಗಳ ವಿಶ್ಲೇಷಣೆಯೂ ಕೆಲಮಟ್ಟಿಗೆ ಅದನ್ನು ಬೆಂಬಲಿಸಿತು. ಇಲ್ಲಿ ಶೇಕಡಾವಾರು ಕಂಡು ಹೆದರಬಾರದು. ಸ್ಕಿಜೋಫ್ರೀನಿಯಾ ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಮಂದಿಗೆ ಬರುವ ಕಾಯಿಲೆ. ಶೇಕಡಾ 44ರ ಹೆಚ್ಚಳವೆಂದರೆ ಆ ಸಣ್ಣ ಸಂಖ್ಯೆಯ ಮೇಲಿನ ಹೆಚ್ಚಳ. ಕೊರತೆಯಿದ್ದ ತಾಯಂದಿರ ಬಹುಪಾಲು ಮಕ್ಕಳಿಗೆ ಈ ಯಾವ ತೊಂದರೆಯೂ ಬಂದಿಲ್ಲ. ಆಟಿಸಂ ಇರುವ ಮಗುವಿನ ತಾಯಿ ತಾನು ಬಿಸಿಲಿಗೆ ಹೋಗದ್ದೇ ಕಾರಣವೆಂದು ಕೊರಗಲು ಈ ಅಧ್ಯಯನಗಳಲ್ಲಿ ಆಧಾರವಿಲ್ಲ.

ಉತ್ತರಗಳು ಇಷ್ಟು ಬೇರೆಬೇರೆ ಏಕೆ? ಬಿಸಿಲಲ್ಲಿ ಓಡಾಡುವ, ಮೀನು ತಿನ್ನುವ, ಮೈತೂಕ ಹದದಲ್ಲಿರುವ, ವೈದ್ಯರು ಬರೆದ ಮಾತ್ರೆ ತಪ್ಪದೆ ನುಂಗುವ ಗರ್ಭಿಣಿಯ ಡಿ ಮಟ್ಟ ಸಹಜವಾಗಿ ಚೆನ್ನಾಗಿರುತ್ತದೆ. ಅಂಥವಳ ಮನೆಯಲ್ಲಿ ಮಗುವಿಗೆ ಪುಸ್ತಕ, ಮಾತು, ಆಟ ಎಲ್ಲವೂ ಸಿಗುವ ಸಂಭವ ಹೆಚ್ಚು. ಹಾಗಿದ್ದಾಗ ಮಗುವಿನ ಅಂಕಕ್ಕೆ ಕಾರಣ ಡಿಯೋ, ಮನೆಯೋ? ಅಂಕಿಅಂಶದ ವಿಧಾನಗಳಿಂದ ಇದನ್ನು ಒಂದು ಮಟ್ಟಕ್ಕೆ ಬೇರ್ಪಡಿಸಬಹುದು, ಪೂರ್ತಿಯಾಗಿ ಆಗದು. ರಕ್ತ ತೆಗೆದ ತಿಂಗಳು, ಋತು, ಅಳೆಯುವ ಯಂತ್ರ ಬದಲಾದರೂ ಫಲಿತಾಂಶ ಬದಲಾಗುತ್ತದೆ.

ಮೈಸೂರಿನ ಪಾರ್ಥೆನಾನ್ ಅಧ್ಯಯನ

ಮೈಸೂರಿನ ಮಂಡಿಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. 1906ರಲ್ಲಿ ಆರಂಭವಾದ ಈ ಆಸ್ಪತ್ರೆಯಲ್ಲಿ ಹೆರಿಗೆ ದಾಖಲೆಗಳನ್ನು ಬಹು ಹಿಂದಿನಿಂದ ಜೋಪಾನ ಮಾಡಿದ್ದರು. ಹುಟ್ಟಿದಾಗಿನ ತೂಕಕ್ಕೂ ಮುಪ್ಪಿನ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ಇರುವ ನಂಟನ್ನು ಹುಡುಕಲು ಸೌತ್‌ಹ್ಯಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮೈಸೂರಿಗೆ ಬಂದದ್ದು ಆ ದಾಖಲೆಗಳ ಬಲದಿಂದ. 1997-98ರಲ್ಲಿ ಇದೇ ಆಸ್ಪತ್ರೆಯ ತಪಾಸಣೆಗೆ ಬರುತ್ತಿದ್ದ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಹೆಸರಿನ ಹೊಸ ಅಧ್ಯಯನ ಶುರುವಾಯಿತು. ಅದರ ಮೊದಲ ಉದ್ದೇಶ ಬಸುರಿನ ಸಕ್ಕರೆ ಕಾಯಿಲೆಯನ್ನು ತಿಳಿಯುವುದು. ಸುಮಾರು 30ನೇ ವಾರದಲ್ಲಿ ತೆಗೆದ ರಕ್ತದ ಒಂದು ಪಾಲನ್ನು ಹಾಗೆಯೇ ಶೈತ್ಯದಲ್ಲಿಟ್ಟರು. ಸಂಶೋಧಕರಾದ ಜಿ.ವಿ. ಕೃಷ್ಣವೇಣಿ, ಎಸ್.ಆರ್. ವೀಣಾ ಮೊದಲಾದವರು ಮಕ್ಕಳ ಬೆನ್ನು ಬಿಡದೆ ವರ್ಷದಿಂದ ವರ್ಷಕ್ಕೆ ಅಳೆಯುತ್ತ ಹೋದರು.

ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ, ಮತ್ತೆ ಹದಿಮೂರು ಹದಿನಾಲ್ಕರಲ್ಲಿ, ಅವರ ಬುದ್ಧಿಶಕ್ತಿಯ ಪರೀಕ್ಷೆ ನಡೆಯಿತು. ವಿದೇಶದ ಪ್ರಶ್ನೆಪತ್ರಿಕೆಯನ್ನು ಹಾಗೆಯೇ ಮುಂದಿಡದೆ ಇಲ್ಲಿನ ಮಕ್ಕಳಿಗೆ ಹೊಂದಿಸಿದ ಪರೀಕ್ಷೆಗಳನ್ನು ಬಳಸಿದರು. ಮೀನು, ಗಿಡ, ಚಿಪ್ಪುಗಳ ಚಿತ್ರ ತೋರಿಸಿ ಅವಕ್ಕೆ ಅರ್ಥವಿಲ್ಲದ ಹೆಸರು ಹೇಳಿಕೊಟ್ಟು, ಸ್ವಲ್ಪ ಹೊತ್ತಿನ ಬಳಿಕ ಹೆಸರು ಕೇಳಿ ಚಿತ್ರ ತೋರಿಸೆನ್ನುವುದು ಒಂದು. ಬಣ್ಣದ ಮರದ ತುಂಡುಗಳನ್ನು ಜೋಡಿಸಿ ಕಾರ್ಡಿನಲ್ಲಿರುವ ವಿನ್ಯಾಸ ಮಾಡುವುದು ಇನ್ನೊಂದು. ಒಂದು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳುವುದು ಮತ್ತೊಂದು. ನೆನಪು, ತರ್ಕ, ಗಮನ, ಮಾತಿನ ಸರಾಗತೆ ಇವೆಲ್ಲ ಹೀಗೆ ಬಿಡಿಬಿಡಿಯಾಗಿ ಅಂಕಗಳಾದವು.

ತಾಯಂದಿರ ರಕ್ತದಲ್ಲಿ ಡಿ ಅಳೆದಾಗ ಮೂರರಲ್ಲಿ ಎರಡು ಪಾಲು ಮಂದಿ 50 ನ್ಯಾನೋಮೋಲ್‌ಗಿಂತ ಕೆಳಗಿದ್ದರು. ವರ್ಷವಿಡೀ ಬಿಸಿಲಿರುವ, ಸಮಭಾಜಕಕ್ಕೆ ಹನ್ನೆರಡೇ ಡಿಗ್ರಿ ದೂರದ ಊರಿನಲ್ಲಿ! ಇಷ್ಟೊಂದು ಕೊರತೆಯಿದ್ದರೂ ಮಕ್ಕಳ ಪರೀಕ್ಷಾ ಅಂಕಗಳಿಗೂ ತಾಯಿಯ ಮಟ್ಟಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಹತ್ತರ ವಯಸ್ಸಿನಲ್ಲೂ ಇಲ್ಲ, ಹದಿಮೂರು ದಾಟಿದ ಮೇಲೂ ಇಲ್ಲ. ಇದು 2017ರಲ್ಲಿ ಪ್ರಕಟವಾಯಿತು. ಇದೇ ತಾಯಿ-ಮಕ್ಕಳ ಗುಂಪಿನಲ್ಲಿ ಫೋಲೇಟ್ ವಿಚಾರ ಬೇರೆಯಾಗಿತ್ತು: ಗರ್ಭಿಣಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದಷ್ಟೂ ಮಕ್ಕಳ ಅಂಕ ಉತ್ತಮವಾಗಿತ್ತೆಂದು 2010ರಲ್ಲೇ ವರದಿಯಾಗಿತ್ತು. ಪರೀಕ್ಷೆಗಳು ಮೊಂಡಾಗಿದ್ದರಿಂದ ಡಿಯ ಪ್ರಭಾವ ಕಾಣಲಿಲ್ಲ ಎನ್ನುವವರಿಗೆ ಈ ಫೋಲೇಟ್ ಫಲಿತಾಂಶವೇ ಉತ್ತರ. ಅದೇ ಮಕ್ಕಳು, ಅದೇ ಪರೀಕ್ಷೆಗಳು ಇನ್ನೊಂದು ಪೋಷಕಾಂಶದ ವ್ಯತ್ಯಾಸವನ್ನು ಹಿಡಿದು ತೋರಿಸಿದ್ದವು.

ಮಿತಿಗಳೂ ಇವೆ. ರಕ್ತವನ್ನು ಅಳೆದದ್ದು ಒಂದೇ ಸಲ, ಅದೂ ಏಳನೇ ತಿಂಗಳಲ್ಲಿ. ನರಕೋಶಗಳು ಹುಟ್ಟಿ ಜಾಗ ಸೇರುವ ಕೆಲಸ ಬಹುಪಾಲು ಅದಕ್ಕೆ ಮುಂಚೆಯೇ ಮುಗಿದಿರುತ್ತದೆ. ಆಟಿಸಂನಂಥ ತೊಡಕುಗಳನ್ನು ಹುಡುಕಲು ಕೆಲವು ನೂರು ಮಕ್ಕಳು ಸಾಲರು. ಆದರೂ ಡಿ ಮತ್ತು ಮಕ್ಕಳ ಬುದ್ಧಿಯ ಬಗ್ಗೆ ನಮ್ಮ ಊಟ, ನಮ್ಮ ಮೈಬಣ್ಣ, ನಮ್ಮ ಶಾಲೆಗಳ ನಡುವೆ ಇಷ್ಟು ದೀರ್ಘಕಾಲ ನಡೆದ ಕೆಲಸ ಅಪರೂಪ. ಕನ್ನಡ ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಪರ್ತ್, ಮೆಂಫಿಸ್‌ಗಳ ಸುದ್ದಿಗಿಂತ ಇದಕ್ಕೆ ಹೆಚ್ಚು ಜಾಗ ಸಿಗಬೇಕು.

ಮಾತ್ರೆ ಕೊಟ್ಟು ನೋಡಿದಾಗ

ಕಾರಣ ಯಾವುದೆಂದು ತೀರ್ಮಾನಿಸುವ ನೇರ ದಾರಿ ಒಂದೇ. ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹೆಚ್ಚು ಡಿ, ಇನ್ನೊಂದಕ್ಕೆ ಕಡಿಮೆ ಅಥವಾ ಖಾಲಿ ಮಾತ್ರೆ ಕೊಟ್ಟು, ಯಾರಿಗೆ ಯಾವುದೆಂದು ತಿಳಿಸದೆ ಮಕ್ಕಳನ್ನು ಅಳೆಯುವುದು. ಕೋಪನ್‌ಹೇಗನ್‌ನಲ್ಲಿ 623 ಗರ್ಭಿಣಿಯರಿಗೆ 24ನೇ ವಾರದಿಂದ ದಿನಕ್ಕೆ 2,800 ಐಯು ಅಥವಾ 400 ಐಯು ಕೊಟ್ಟರು. ಮಗು ನಡೆಯತೊಡಗಿದ ವಯಸ್ಸು, ಒಂದೆರಡು ವರ್ಷದ ಮಾತು, ಎರಡೂವರೆ ವರ್ಷದ ಗ್ರಹಿಕೆ, ಆರು ವರ್ಷದ ಭಾವನೆ ಮತ್ತು ನಡವಳಿಕೆ ಯಾವುದರಲ್ಲೂ ಎರಡು ಗುಂಪಿಗೆ ವ್ಯತ್ಯಾಸವಿರಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಅಲ್ಲಿನ ಕಡಿಮೆ ಗುಂಪಿಗೂ 400 ಐಯು ಸಿಗುತ್ತಿತ್ತು ಎಂಬುದನ್ನು ಮರೆಯಬಾರದು. ಸಾಕಷ್ಟು ಇರುವವರಿಗೆ ಇನ್ನಷ್ಟು ಕೊಟ್ಟರೆ ಲಾಭವಿಲ್ಲ ಎಂಬುದನ್ನು ಆ ಪ್ರಯೋಗ ಹೇಳುತ್ತದೆ. ಇಲ್ಲದವರಿಗೆ ಕೊಟ್ಟರೆ ಏನಾಗುತ್ತದೆ ಎಂಬುದು ಅದರಿಂದ ತಿಳಿಯದು.

ಕೊರತೆ ದಟ್ಟವಾಗಿರುವ ಢಾಕಾದಲ್ಲಿ 1,300 ಗರ್ಭಿಣಿಯರ ಮೇಲೆ ನಡೆದ ಪ್ರಯೋಗದಲ್ಲಿ ವಾರಕ್ಕೆ 28,000 ಐಯುವರೆಗೆ ಕೊಟ್ಟರೂ ಮಕ್ಕಳ ಒಂದು ವರ್ಷದ ಉದ್ದದಲ್ಲಿ ಹೆಚ್ಚಳ ಕಾಣಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಡಿಯಿಂದ ಬಸುರಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ ತಗ್ಗಬಹುದೆಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2019ರ ಕಾಕ್ರೇನ್ ಪರಿಶೀಲನೆ ಹೇಳಿತ್ತು. ನಂಬಲರ್ಹವಲ್ಲದ ಪ್ರಯೋಗಗಳನ್ನು ಕೈಬಿಟ್ಟು 2024ರಲ್ಲಿ ಅದನ್ನೇ ಮತ್ತೆ ಮಾಡಿದಾಗ ಆ ಭರವಸೆ ಬಹಳಷ್ಟು ಮಂಕಾಯಿತು.

ಹೋಲಿಕೆಗೆ ಫೋಲಿಕ್ ಆಮ್ಲವನ್ನು ತೆಗೆದುಕೊಳ್ಳಿ. ಬೆನ್ನುಹುರಿ ಮುಚ್ಚದೆ ಹುಟ್ಟುವ ದೋಷ ಒಮ್ಮೆ ಕಂಡ ಕುಟುಂಬಗಳಲ್ಲಿ ಅದು ಮರುಕಳಿಸುವುದನ್ನು ಫೋಲಿಕ್ ಆಮ್ಲ ಶೇಕಡಾ 72ರಷ್ಟು ತಡೆಯಿತೆಂದು ಬ್ರಿಟನ್‌ನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ 1991ರಲ್ಲಿ ತೋರಿಸಿತು. ಮಗುವಿನ ಮಿದುಳಿಗೆ ಅಯೋಡಿನ್ ಬೇಕೆಂಬುದಕ್ಕೂ ಅಷ್ಟೇ ಗಟ್ಟಿ ಸಾಕ್ಷಿಯಿದೆ. ಡಿ ಜೀವಸತ್ವ ಇವೆರಡರ ಸಾಲಿಗೆ ಇನ್ನೂ ಸೇರಿಲ್ಲ.

ಬಿಸಿಲಿನ ನಾಡಿನಲ್ಲಿ ಕೊರತೆ

ಲಖನೌದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗರ್ಭಿಣಿಯರ ಪೈಕಿ ಶೇಕಡಾ 84 ಮಂದಿ 22.5 ನ್ಯಾನೋಗ್ರಾಂಗಿಂತ ಕೆಳಗಿದ್ದರು. ಪೇಟೆಗೂ ಹಳ್ಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕಪ್ಪು ಮೈಬಣ್ಣಕ್ಕೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಮೈತುಂಬ ಬಟ್ಟೆ, ಮನೆಯೊಳಗಿನ ಕೆಲಸ, ನಗರದ ಹೊಗೆ, ಅಪಾರ್ಟ್‌ಮೆಂಟಿನ ಗಾಜು ಎಲ್ಲವೂ ಕಿರಣವನ್ನು ತಡೆಯುತ್ತವೆ. ಕಿಟಕಿ ಗಾಜಿನ ಒಳಗೆ ಬೀಳುವ ಬಿಸಿಲು ಬೆಚ್ಚಗಿರುತ್ತದೆ, ಡಿ ತಯಾರಿಸುವುದಿಲ್ಲ.

ಬೆಳಗಿನ ಎಳೆ ಬಿಸಿಲಿನ ಬಗ್ಗೆ ನಮ್ಮಲ್ಲಿ ಬಲವಾದ ನಂಬಿಕೆಯಿದೆ. ಎಣ್ಣೆ ಹಚ್ಚಿ ಏಳು ಗಂಟೆಯ ಬಿಸಿಲಿಗೆ ಹಿಡಿದರೆ ಮೈಗೆ ಹಿತ, ನಿಜ. ಆದರೆ ಸೂರ್ಯ ಕೆಳಗಿರುವಾಗ ನೇರಳಾತೀತ-ಬಿ ಕಿರಣ ವಾತಾವರಣದಲ್ಲೇ ಹೀರಿಹೋಗುತ್ತದೆ. ತಿರುಪತಿಯಲ್ಲಿ ನಡೆದ ಪ್ರಯೋಗಗಳಲ್ಲಿ ಡಿ ಚೆನ್ನಾಗಿ ತಯಾರಾದದ್ದು 11ರಿಂದ 2 ಗಂಟೆಯ ನಡುವೆ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದಾಗಿನ ಬಿಸಿಲು ಎಂದು ನೆನಪಿಟ್ಟುಕೊಂಡರೆ ಗಡಿಯಾರ ಬೇಕಿಲ್ಲ. ಗರ್ಭಿಣಿ ಕೈಕಾಲು ತೆರೆದು ಸ್ವಲ್ಪ ಹೊತ್ತು ಅಂಥ ಬಿಸಿಲಲ್ಲಿ ಓಡಾಡಬಹುದು; ನೆತ್ತಿ ಸುಡುವವರೆಗೆ ಕೂರಬೇಕಿಲ್ಲ. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂರಿಸುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಹಿರಿಯರು ಈ ಒಂದು ವಿಷಯವನ್ನು ಯೋಚಿಸಬೇಕು: ತಾಯಿ ಮಗು ಇಬ್ಬರ ದಾಸ್ತಾನೂ ಬರಿದಾಗಿರುವ ಹೊತ್ತಿನಲ್ಲೇ ಬಿಸಿಲು ಪೂರ್ತಿ ತಪ್ಪುತ್ತದೆ.

ಆಹಾರದಿಂದ ಸಿಗುವುದು ಅಲ್ಪ. ಕರಾವಳಿಯ ಭೂತಾಯಿ, ಬಂಗುಡೆಯಂಥ ಎಣ್ಣೆ ಮೀನುಗಳಲ್ಲಿ ಇದೆ, ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸೊಪ್ಪು, ಕಾಳು, ಹಣ್ಣುಗಳಲ್ಲಿ ಇಲ್ಲವೆನ್ನಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ಡಿ ಅಲ್ಲ. ನೀಲಿ ಬಣ್ಣದ ಎಫ್ ಪ್ಲಸ್ ಗುರುತಿರುವ ಹಾಲಿಗೆ ಎ ಮತ್ತು ಡಿ ಸೇರಿಸಿರುತ್ತಾರೆ. ಅಂಥ ಒಂದು ಲೋಟ ಹಾಲಿನಿಂದ 50 ಐಯು ಆಸುಪಾಸು ದೊರೆಯುತ್ತದೆ.

ಎಷ್ಟು ಬೇಕು, ಎಲ್ಲಿ ನಿಲ್ಲಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗರ್ಭಿಣಿಯರಿಗೆ ದಿನಕ್ಕೆ 600 ಐಯು ಎಂದು ನಿಗದಿ ಮಾಡಿತು. ಬ್ರಿಟನ್ ಎಲ್ಲ ಗರ್ಭಿಣಿಯರಿಗೂ 400 ಐಯು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಮಾತ್ರೆ ಶಿಫಾರಸು ಮಾಡುವುದಿಲ್ಲ, ಕೊರತೆ ಇದ್ದವರಿಗೆ ಕೊಡಬಹುದೆನ್ನುತ್ತದೆ. ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಗರ್ಭಿಣಿಯರಿಗೆ ಡಿ ಕೊಡುವುದು ಒಳ್ಳೆಯದೆಂದಿತು, ಆದರೆ ಎಲ್ಲರ ರಕ್ತಪರೀಕ್ಷೆ ಮಾಡಿಸುವುದು ಬೇಡವೆಂದಿತು. ಸಲಹೆಗಳು ಹೀಗೆ ಬೇರೆಬೇರೆಯಾಗಿದ್ದರೂ ಇವ್ಯಾವುವೂ ಮಗುವಿನ ಬುದ್ಧಿಯ ಹೆಸರಿನಲ್ಲಿ ಹೊರಟವಲ್ಲ.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಏರ್ಪಾಡು ಆಗಲೇ ಇದೆ, ಅದನ್ನು ಗುರುತಿಸಿದವರು ಕಡಿಮೆ. 2014ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಕೊಡಬೇಕು. ಪ್ರತಿ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ ಜೊತೆಗೆ 250 ಐಯು ಡಿ3 ಇದೆ. ಎರಡೂ ನುಂಗಿದರೆ 500 ಐಯು ಸಿಗುತ್ತದೆ, ಅಂದರೆ ದಿನದ ಅಗತ್ಯದ ದೊಡ್ಡ ಪಾಲು. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು ಬಿಳಿ ಸುಣ್ಣದ ಗುಳಿಗೆ ಎಂದು ಡಬ್ಬಿಯಲ್ಲೇ ಉಳಿಸುವ ಮನೆಗಳು ಬಹಳ. ಕಬ್ಬಿಣದ ಮಾತ್ರೆಯೊಂದಿಗೆ ಇದನ್ನು ನುಂಗಬಾರದು. ಒಂದು ಇನ್ನೊಂದರ ಹೀರಿಕೆಗೆ ಅಡ್ಡ ಬರುತ್ತದೆ. ನಡುವೆ ಎರಡು ಗಂಟೆ ಬಿಟ್ಟರೆ ಸಾಕು.

ಅತಿಯಾದರೆ ಅಪಾಯವಿದೆ. ದಿನಕ್ಕೆ 4,000 ಐಯು ದಾಟಬಾರದೆಂಬುದು ಒಪ್ಪಿತ ಮೇಲ್ಮಿತಿ. ಕೊರತೆ ಖಚಿತವಾದಾಗ ವೈದ್ಯರು ನಿಗಾ ಇಟ್ಟು ಇದಕ್ಕಿಂತ ಹೆಚ್ಚು ಕೊಡುವುದುಂಟು. ಔಷಧಿ ಅಂಗಡಿಯಲ್ಲಿ ಸಿಗುವ 60,000 ಐಯು ಪುಡಿ ಪೊಟ್ಟಣ ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ತೆಗೆದುಕೊಳ್ಳುವಂಥದ್ದು. ದಿನವೂ ತೆಗೆದುಕೊಂಡರೆ ಅಥವಾ ಲಕ್ಷಗಟ್ಟಲೆ ಐಯು ಸೂಜಿಯನ್ನು ಮೇಲಿಂದ ಮೇಲೆ ಹಾಕಿಸಿದರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ಬಾಯಾರಿಕೆ, ಮಲಬದ್ಧತೆ, ಮೂತ್ರಪಿಂಡದ ತೊಂದರೆ ಬರುತ್ತದೆ. 1950ರ ದಶಕದ ಬ್ರಿಟನ್‌ನಲ್ಲಿ ಹಾಲುಪುಡಿ ಮತ್ತು ಮಕ್ಕಳ ಆಹಾರಗಳಿಗೆ ಡಿ ಅತಿಯಾಗಿ ಸೇರಿಸಿ, ಎಳೆಮಕ್ಕಳಲ್ಲಿ ಕ್ಯಾಲ್ಸಿಯಂ ಏರಿ ಗಾಬರಿಯಾಗಿ, ಕೊನೆಗೆ ಪ್ರಮಾಣ ಇಳಿಸಬೇಕಾಯಿತು. ಡಿಯನ್ನು ಕರಗಿಸುವ ಕಿಣ್ವದ ಜೀನ್ ದೋಷವಿರುವ ಮಕ್ಕಳಿಗೆ ಮಾಮೂಲಿ ಪ್ರಮಾಣವೂ ಹೆಚ್ಚಾಗುತ್ತದೆ ಎಂಬುದು 2011ರಲ್ಲಿ ಗೊತ್ತಾಯಿತು.

ಗರ್ಭಿಣಿ ಈ ಡಿಯನ್ನು ತೆಗೆದುಕೊಳ್ಳಬೇಕಾದದ್ದು ತನ್ನ ಮೂಳೆಗಾಗಿ, ಮಗುವಿನ ಮೂಳೆಗಾಗಿ, ಎಳೆಮಗುವಿಗೆ ಫಿಟ್ಸ್ ಬಾರದಿರಲೆಂದು. ಮಗುವನ್ನು ಜಾಣನನ್ನಾಗಿ ಮಾಡುತ್ತದೆ ಎಂದು ಯಾರಾದರೂ ದುಬಾರಿ ಡಬ್ಬಿ ಮಾರಲು ಬಂದರೆ ಕೊಳ್ಳಬೇಡಿ. ಅದೇ ದುಡ್ಡಿಗೆ ಮೊಟ್ಟೆ, ಹಾಲು, ಮೀನು ತನ್ನಿ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣ-ಫೋಲಿಕ್ ಮಾತ್ರೆ, ಕ್ಯಾಲ್ಸಿಯಂ-ಡಿ ಮಾತ್ರೆಗಳನ್ನು ಬಿಡಬೇಡಿ. ಮಗು ಹುಟ್ಟಿದ ಮೇಲೆ ಅದಕ್ಕೆ ಒಂದು ವರ್ಷದವರೆಗೆ ದಿನಕ್ಕೆ 400 ಐಯು ಡಿ ಹನಿ ಹಾಕಬೇಕೆಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ವೈದ್ಯರನ್ನು ಅದರ ಬಗ್ಗೆ ಕೇಳಿ ಬರೆಸಿಕೊಳ್ಳಿ.